ಫೀಡಿನಲ್ಲೇ ಬೆಳೆದವರಿಗೆ ಮಾರುವುದು ಹೇಗೆ

ಬೆನ್ನಿಗೆ ಹಾಕುವ ಬ್ಯಾಗ್ ತಯಾರಿಸುವ ಒಂದು ಸಣ್ಣ ಕಂಪನಿಯ ಸೋಷಿಯಲ್ ಮೀಡಿಯಾ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಬ್ಯಾಗ್ ಕೊಳ್ಳುವವರಲ್ಲಿ ಹೆಚ್ಚಿನವರು ಕಾಲೇಜಿನಲ್ಲಿ ಓದುತ್ತಿರುವವರು, ಇಲ್ಲವೇ ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದವರು. ಈ ಕೆಲಸ ಕಲಿಯಲು ಬರುವ ಹೊಸಬರು ಮೊದಲು ಕೇಳುವುದು ಎರಡು ಪ್ರಶ್ನೆ. ಎಷ್ಟು ಗಂಟೆಗೆ ಪೋಸ್ಟ್ ಹಾಕಬೇಕು? ಹ್ಯಾಶ್‌ಟ್ಯಾಗ್ ಎಷ್ಟಿರಬೇಕು? ಎರಡಕ್ಕೂ ಉತ್ತರ ಇದೆ. ಆದರೆ ಆ ಉತ್ತರಗಳಿಂದ ಒಂದು ಬ್ಯಾಗ್ ಕೂಡ ಜಾಸ್ತಿ ಮಾರಾಟವಾಗಿದ್ದನ್ನು ನಾನು ಕಂಡಿಲ್ಲ.

ನಾನು ಹೇಳುವುದು ಇಷ್ಟು. ಪೋಸ್ಟ್ ಹಾಕುವುದು ಅರ್ಧ ಕೆಲಸ. ಅದರ ಕೆಳಗೆ ಬರುವ ಮಾತುಗಳಿಗೆ ಉತ್ತರ ಕೊಡುವುದು ಉಳಿದರ್ಧ. ಇಪ್ಪತ್ತರ ಆಸುಪಾಸಿನವರಿಗೆ ಏನಾದರೂ ಮಾರಬೇಕು ಅಂದರೆ ಈ ಎರಡನೇ ಅರ್ಧಕ್ಕೇ ಜಾಸ್ತಿ ಹೊತ್ತು ಕೊಡಬೇಕು. ಹೆಚ್ಚಿನ ಕಂಪನಿಗಳು ಇದನ್ನು ತಿರುಗಿಸಿ ಮಾಡುತ್ತವೆ. ವಿಡಿಯೊಗೆ ಲಕ್ಷಗಟ್ಟಲೆ ಸುರಿದು, ಕಾಮೆಂಟ್ ನೋಡುವ ಕೆಲಸವನ್ನು ಯಾರಿಗೂ ವಹಿಸದೆ ಬಿಡುತ್ತವೆ.

ಇವರು ಯಾಕೆ ಬೇರೆ

2004ರಲ್ಲಿ ಹುಟ್ಟಿದವರಿಗೂ ಫೇಸ್‌ಬುಕ್‌ಗೂ ಒಂದೇ ವಯಸ್ಸು. ಮರುವರ್ಷ ಯೂಟ್ಯೂಬ್ ಶುರುವಾಯಿತು. ಅವರಿಗೆ ಆರು ವರ್ಷವಾಗುವ ಹೊತ್ತಿಗೆ, 2010ರ ಅಕ್ಟೋಬರಿನಲ್ಲಿ, ಇನ್‌ಸ್ಟಾಗ್ರಾಮ್ ಬಂತು. ಅದೇ ಡಿಸೆಂಬರಿನಲ್ಲಿ ಯೂಟ್ಯೂಬ್ ತನ್ನ ಜಾಹೀರಾತುಗಳಿಗೆ ಸ್ಕಿಪ್ ಬಟನ್ ಕೊಟ್ಟಿತು. ಐದು ಸೆಕೆಂಡ್ ಕಾಯಿ, ಒತ್ತು, ಮುಂದೆ ಹೋಗು. ಸರಿಯಾಗಿ ಓದಲು ಬರುವ ಮೊದಲೇ ಈ ಬಟನ್ ಒತ್ತುವುದು ಕಲಿತ ಮಕ್ಕಳು ಈಗ ನಮ್ಮ ಗ್ರಾಹಕರು.

ಇವರಿಗೆ ತಾಳ್ಮೆ ಇಲ್ಲ ಅಂತ ಮೀಟಿಂಗುಗಳಲ್ಲಿ ಹೇಳುತ್ತಲೇ ಇರುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಇಷ್ಟದ ವಿಷಯವಾದರೆ ಎರಡು ಗಂಟೆಯ ವಿಡಿಯೊವನ್ನು ಕದಲದೆ ನೋಡುವವರೂ ಇವರೇ. ಜಾಹೀರಾತು ಯಾವುದು ಅಂತ ಇವರಿಗೆ ತಕ್ಷಣ ಗೊತ್ತಾಗುತ್ತದೆ, ಅಷ್ಟೇ. ಗೊತ್ತಾದ ಕೂಡಲೇ ಬೆರಳು ಮೇಲಕ್ಕೆ ಹೋಗುತ್ತದೆ.

ಮಾರುವವರ ಕಡೆಯಿಂದ ನೋಡಿದರೆ ಮೂರು ತಿರುವುಗಳು ಲೆಕ್ಕಕ್ಕೆ ಬರುತ್ತವೆ. 2006ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ಗೆಳೆಯರ ಪೋಸ್ಟ್‌ಗಳು ಒಂದರ ಕೆಳಗೊಂದು ಬರುವ ನ್ಯೂಸ್ ಫೀಡ್ ತಂದಿತು. 2007ರ ನವೆಂಬರಿನಲ್ಲಿ ಕಂಪನಿಗಳೂ ತಮ್ಮದೇ ಪೇಜ್ ತೆರೆಯಬಹುದು ಎಂದಿತು. ಹೀಗೆ ಗೆಳೆಯರ ಫೋಟೊಗಳ ನಡುವೆ ಕಂಪನಿಗಳ ಮಾತೂ ತೂರಿಕೊಂಡಿತು. ಆಗೆಲ್ಲ ಹೆಚ್ಚು ಲೈಕ್ ಸಂಪಾದಿಸುವುದೇ ಓಟ.

ಎರಡನೆಯ ತಿರುವು ದೊಡ್ಡದು. ಹೊಸ ಪೋಸ್ಟ್ ಮೊದಲು, ಹಳೆಯದು ಆಮೇಲೆ ಎನ್ನುವ ಕ್ರಮವನ್ನು 2016ರಲ್ಲಿ ಇನ್‌ಸ್ಟಾಗ್ರಾಮ್ ಕೈಬಿಟ್ಟಿತು. 2018ರ ಆಗಸ್ಟಿನಲ್ಲಿ ಚಿಕ್ಕ ವಿಡಿಯೊಗಳ ಮ್ಯೂಸಿಕಲಿ ಆ್ಯಪ್ ಅಂಥದ್ದೇ ಟಿಕ್‌ಟಾಕ್ ಜೊತೆ ಸೇರಿಕೊಂಡಿತು. ಯಾರನ್ನು ಫಾಲೊ ಮಾಡುತ್ತೀರಿ ಅನ್ನುವುದಕ್ಕಿಂತ ಯಾವುದನ್ನು ಎಷ್ಟು ಹೊತ್ತು ನೋಡಿದಿರಿ ಅನ್ನುವುದರ ಮೇಲೆ ಫೀಡ್ ನಡೆಯತೊಡಗಿತು. 2020ರಲ್ಲಿ ಇನ್‌ಸ್ಟಾಗ್ರಾಮ್‌ನ ರೀಲ್ಸ್, ಯೂಟ್ಯೂಬ್‌ನ ಶಾರ್ಟ್ಸ್ ಎರಡೂ ಅದೇ ದಾರಿ ಹಿಡಿದವು. ಇದರ ಅರ್ಥ ಏನು? ನಿಮ್ಮ ವಿಡಿಯೊ ನೋಡುವ ಹೆಚ್ಚಿನವರಿಗೆ ನಿಮ್ಮ ಹೆಸರೇ ಗೊತ್ತಿರುವುದಿಲ್ಲ. ನಿನ್ನೆ ನೀವು ಏನು ಹೇಳಿದ್ದಿರಿ ಎಂದೂ ಗೊತ್ತಿರುವುದಿಲ್ಲ. ಪ್ರತಿ ವಿಡಿಯೊ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು.

ಮೂರನೆಯದನ್ನು ಎಷ್ಟೋ ಜನ ಇನ್ನೂ ಗಮನಿಸಿಲ್ಲ. 2022ರಲ್ಲಿ ಗೂಗಲ್‌ನ ಹಿರಿಯ ಅಧಿಕಾರಿ ಪ್ರಭಾಕರ್ ರಾಘವನ್ ಒಂದು ವೇದಿಕೆಯಲ್ಲಿ ತಮ್ಮ ಕಂಪನಿಯ ಒಳಗಿನ ಅಧ್ಯಯನದ ಮಾತು ಹೇಳಿದರು. ಊಟಕ್ಕೆ ಜಾಗ ಹುಡುಕುವ ಕಿರಿಯರಲ್ಲಿ ಸುಮಾರು ಶೇಕಡಾ 40ರಷ್ಟು ಮಂದಿ ಗೂಗಲ್ ಮ್ಯಾಪ್ಸ್‌ಗೋ ಸರ್ಚ್‌ಗೋ ಹೋಗುವುದಿಲ್ಲ, ಟಿಕ್‌ಟಾಕ್ ಅಥವಾ ಇನ್‌ಸ್ಟಾಗ್ರಾಮ್‌ಗೆ ಹೋಗುತ್ತಾರೆ ಅಂತ. ಹುಡುಕಾಟವೇ ಆ ಕಡೆ ವಾಲಿದೆ. ಹುಡುಕಿ ಬಂದವರು ವಿಡಿಯೊ ನೋಡುತ್ತಾರೆ, ಆಮೇಲೆ ಮೊದಲು ತೆರೆಯುವುದು ಕಾಮೆಂಟುಗಳನ್ನು. ನಿಜವೋ ಸುಳ್ಳೋ ಅಂತ ಅಲ್ಲಿ ನೋಡಿಕೊಳ್ಳುತ್ತಾರೆ.

ಕ್ಯಾಮೆರಾ ಮುಟ್ಟುವ ಮೊದಲು

ಮೊದಲ ಒಂದು ವಾರ ಏನೂ ಪೋಸ್ಟ್ ಮಾಡಬೇಡಿ. ಸುಮ್ನೆ ಓದಿ. ನೀವು ಮಾರುವ ವಸ್ತುವಿನ ಹೆಸರನ್ನು ಇನ್‌ಸ್ಟಾಗ್ರಾಮ್‌ನಲ್ಲಿ, ಯೂಟ್ಯೂಬ್‌ನಲ್ಲಿ, ನಿಮ್ಮ ಗ್ರಾಹಕರು ಇರುವ ಬೇರೆ ಆ್ಯಪ್‌ಗಳಲ್ಲಿ ಹುಡುಕಿ. ಪೈಪೋಟಿಯ ಕಂಪನಿಗಳ ವಿಡಿಯೊ ತೆರೆಯಿರಿ. ವಿಡಿಯೊ ಬಿಡಿ, ಕೆಳಗಿನ ಕಾಮೆಂಟ್ ಓದಿ. ಬಂದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅವರು ಬರೆದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ.

ನನ್ನ ಹಾಳೆಯಲ್ಲಿ ಇದ್ದ ಕೆಲವು: "ಲ್ಯಾಪ್‌ಟಾಪ್ ಹಾಕಿದ್ಮೇಲೆ ನೀರಿನ ಬಾಟಲಿಗೆ ಜಾಗ ಉಳಿಯುತ್ತಾ?" "ಮಳೇಲಿ ಝಿಪ್ ಕೈಕೊಡುತ್ತಾ, ನಿಜ ಹೇಳಿ." "ಗಿಡ್ಡ ಇರೋರು ಹಾಕಿದ್ರೆ ಆಮೆ ಥರ ಕಾಣುತ್ತಾ?"

ನಮ್ಮ ಬ್ಯಾಗಿನ ಗುಣಗಳ ಪಟ್ಟಿಯಲ್ಲಿ ಬಟ್ಟೆಯ ಗುಣಮಟ್ಟ ಇತ್ತು, ಲೀಟರ್ ಲೆಕ್ಕ ಇತ್ತು, ಹೊಲಿಗೆಯ ವಿವರ ಇತ್ತು. ಆಮೆಯ ವಿಷಯ ಎಲ್ಲೂ ಇರಲಿಲ್ಲ. ಹಾಗಾಗಿ ಆಫೀಸಿನಲ್ಲಿ ಗಿಡ್ಡ, ಮಧ್ಯಮ, ಉದ್ದ ಇರುವ ಮೂವರನ್ನು ಒಂದೇ ಗೋಡೆಯ ಮುಂದೆ ನಿಲ್ಲಿಸಿದೆವು. ಒಂದೇ ಬ್ಯಾಗನ್ನು ಒಬ್ಬರಾದ ಮೇಲೆ ಒಬ್ಬರು ಹಾಕಿಕೊಂಡು ಪಕ್ಕಕ್ಕೆ ತಿರುಗಿದರು. ಸಂಗೀತ ಇಲ್ಲ, ಮಾತಿಲ್ಲ. ಪರದೆಯ ಮೇಲೆ ಅವರ ಎತ್ತರ ಮಾತ್ರ. ಗಿಡ್ಡ ಇದ್ದವರ ಮೇಲೆ ಆ ಬ್ಯಾಗ್ ನಿಜಕ್ಕೂ ದೊಡ್ಡದಾಗಿ ಕಾಣುತ್ತಿತ್ತು. ಅದನ್ನು ಮುಚ್ಚಿಡಲಿಲ್ಲ. "ನಿಮ್ಮ ಎತ್ತರ ಇಷ್ಟಿದ್ದರೆ ಚಿಕ್ಕ ಸೈಜ್ ತಗೊಳ್ಳಿ" ಅಂತ ಬರೆದೆವು. ಜನ ಅತಿ ಹೆಚ್ಚು ಸೇವ್ ಮಾಡಿಕೊಂಡ ನಮ್ಮ ವಿಡಿಯೊ ಇವತ್ತಿಗೂ ಅದೇ. ದೊಡ್ಡ ಸೈಜ್ ವಾಪಸ್ ಬರುವುದೂ ಕಡಿಮೆಯಾಯಿತು.

ಹಾಳೆಯಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂದರೆ ಅದೇ ನಿಮ್ಮ ಮೊದಲ ವಿಡಿಯೊ. ಏಜೆನ್ಸಿಯ ಮಂಡನೆ, ಟ್ರೆಂಡ್ ವರದಿ ಎಲ್ಲ ಆಮೇಲೆ ನೋಡಬಹುದು.

ವಿಡಿಯೊ ಮಾಡುವುದು

ಮೊದಲ ಎರಡು ಸೆಕೆಂಡಿನಲ್ಲಿ ವಸ್ತುವಿಗೆ ಏನಾದರೂ ಆಗಬೇಕು. ಲೋಗೊ ಬೇಡ, ನಮಸ್ಕಾರ ಬೇಡ, "ಇವತ್ತಿನ ವಿಡಿಯೊದಲ್ಲಿ" ಬೇಡ. ಲೋಗೊ ಮೊದಲು ಬರಲಿ ಅಂತ ಮೇಲಿನವರು ಒತ್ತಾಯ ಮಾಡುತ್ತಾರೆ, ಗೊತ್ತು. ಅವರ ಕೈಗೆ ಫೋನ್ ಕೊಟ್ಟು ಹತ್ತು ನಿಮಿಷ ರೀಲ್ಸ್ ನೋಡಲು ಹೇಳಿ. ಲೋಗೊ ಬಂದಾಗ ಅವರ ಬೆರಳು ಏನು ಮಾಡುತ್ತದೆ ಅಂತ ಅವರಿಗೇ ಕಾಣಲಿ.

ಝಿಪ್‌ನ ಪ್ರಶ್ನೆಗೆ ನಾವು ಉತ್ತರ ಕೊಟ್ಟಿದ್ದು ಹೀಗೆ. ಗಾಢ ಬಣ್ಣದ ಬ್ಯಾಗ್ ಆರಿಸಿಕೊಂಡೆವು. ತಿಳಿ ಬಣ್ಣದ ಮೇಲೆ ನೀರಿನ ಹನಿ ಕಾಣುವುದಿಲ್ಲ. ಬ್ಯಾಗನ್ನು ಕಿಟಕಿಯ ಪಕ್ಕ ಇಟ್ಟು, ಬೆಳಕು ಒಂದು ಬದಿಯಿಂದ ಬೀಳುವ ಹಾಗೆ ನೋಡಿಕೊಂಡೆವು. ಫೋನನ್ನು ಝಿಪ್‌ನ ಎತ್ತರಕ್ಕೇ ಸ್ಟ್ಯಾಂಡಿನಲ್ಲಿ ನಿಲ್ಲಿಸಿದೆವು, ಮೇಲಿನಿಂದ ಅಲ್ಲ. ಒಳಗೆ ನಾಲ್ಕು ಮೂಲೆಗೂ ಒಣ ಟಿಶ್ಯೂ ಇಟ್ಟು ಝಿಪ್ ಎಳೆದೆವು. ವಿಡಿಯೊ ಶುರುವಾಗುವುದೇ ಝಿಪ್ ಮೇಲೆ ನೀರು ಬೀಳುವಲ್ಲಿಂದ. ಆಮೇಲೆ ಝಿಪ್ ತೆಗೆದು ಒಂದೊಂದೇ ಟಿಶ್ಯೂ ಹೊರಗೆ. ಮೂರು ಒಣಗೇ ಇದ್ದವು. ಒಂದರ ಅಂಚು ಒದ್ದೆಯಾಗಿತ್ತು.

ಆ ಒದ್ದೆ ಟಿಶ್ಯೂವನ್ನು ಕತ್ತರಿಸಿ ಹಾಕೋಣ ಅಂತ ಮಾತು ಬಂತು. ಬೇಡ ಅಂದೆ. ಅದನ್ನು ಕ್ಯಾಮೆರಾಗೆ ಹತ್ತಿರ ಹಿಡಿದು, "ಝಿಪ್ ಕೊನೆಯಲ್ಲಿ ಸ್ವಲ್ಪ ಒಳಗೆ ಬಂತು. ಜೋರು ಮಳೆಗೆ ಮೇಲೊಂದು ಕವರ್ ಬೇಕು" ಅಂತ ಬರೆದೆವು. ಜನ ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆ ಕಳಿಸಿದ್ದು ಆ ಒಂದು ಸಾಲನ್ನೇ. ಕವರ್ ಕೂಡ ಮಾರಾಟವಾಯಿತು ಅನ್ನುವುದು ಬೇರೆ ಮಾತು.

ತಾಂತ್ರಿಕ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಫೋನ್ ನೆಟ್ಟಗೆ ಹಿಡಿದು ತೆಗೆಯಿರಿ, 1080ಕ್ಕೆ 1920 ಅಳತೆ. ಮಾತಿದ್ದರೆ ಪರದೆಯ ಮೇಲೆ ಅಕ್ಷರವೂ ಇರಲಿ, ದನಿ ಬಂದ್ ಮಾಡಿ ನೋಡುವವರು ತುಂಬ. ಅಕ್ಷರವನ್ನು ಕೆಳಗೆ ಅಥವಾ ಬಲ ಅಂಚಿನಲ್ಲಿ ಇಡಬೇಡಿ. ಅಲ್ಲಿ ಆ್ಯಪಿನ ಬಟನ್, ಕ್ಯಾಪ್ಶನ್ ಬಂದು ಕೂರುತ್ತವೆ. ಜನ ಹುಡುಕಲು ಟೈಪ್ ಮಾಡುವ ಪದಗಳನ್ನು ಕ್ಯಾಪ್ಶನ್‌ನಲ್ಲೂ ಪರದೆಯ ಮೇಲೂ ಹಾಕಿ. ಹ್ಯಾಶ್‌ಟ್ಯಾಗ್ ಮೂರೋ ನಾಲ್ಕೋ ಸಾಕು. ಸಮಯ ಎಂದರೆ, ಪೋಸ್ಟ್ ಹಾಕಿದ ಮೇಲೆ ಒಂದು ಗಂಟೆ ನೀವು ಫೋನ್ ಹಿಡಿದು ಕೂರಲು ಸಾಧ್ಯವಿರುವ ಸಮಯ. ಅದೇ ಒಳ್ಳೆಯ ಸಮಯ.

ಕಾಮೆಂಟ್: ಅಸಲಿ ಕೆಲಸ

ಆ ಒಂದು ಗಂಟೆ ಯಾಕೆ? ಮೊದಲು ಬರುವ ನಾಲ್ಕಾರು ಕಾಮೆಂಟುಗಳಿಗೆ ಸರಿಯಾದ ಉತ್ತರ ಸಿಕ್ಕರೆ ಮುಂದೆ ಬರುವವರೂ ಪ್ರಶ್ನೆ ಕೇಳುತ್ತಾರೆ. ಸಿಗದಿದ್ದರೆ ಅಲ್ಲಿಗೆ ಮುಗಿಯಿತು. ಉತ್ತರ ಇಲ್ಲದ ಪ್ರಶ್ನೆಗಳ ಸಾಲು ನೋಡಿದರೆ ಹೊಸಬರಿಗೆ ಏನನ್ನಿಸಬಹುದು, ನೀವೇ ಹೇಳಿ.

ಉತ್ತರ ಕೊಡುವವರಿಗೆ ಅಧಿಕಾರವೂ ಇರಬೇಕು. ಪ್ರತಿ ಸಾಲಿಗೂ ಮ್ಯಾನೇಜರ ಒಪ್ಪಿಗೆ ಬೇಕು ಅಂದರೆ ಈ ಕೆಲಸ ಆಗುವುದಿಲ್ಲ. ನಮ್ಮಲ್ಲಿ ಒಂದು ಪುಟದ ಒಪ್ಪಂದ ಇದೆ. ಬದಲಿ ಬ್ಯಾಗ್ ಕೊಡುತ್ತೇವೆ ಅಂತ ನಾನೇ ಹೇಳಬಹುದು. ಹಣ ವಾಪಸ್ ವಿಷಯ ಅಕೌಂಟ್ಸ್‌ಗೆ ಹೋಗಬೇಕು. ಯಾರಿಗಾದರೂ ಗಾಯ, ಕಾನೂನು ಅನ್ನುವ ಮಾತು ಬಂದರೆ ಕೂಡಲೇ ಮೇಲಿನವರಿಗೆ. ಉಳಿದಿದ್ದೆಲ್ಲ ನನ್ನ ತೀರ್ಮಾನ.

ಉತ್ತರದ ದನಿ ಹೇಗಿರಬೇಕು? ಕೇಳಿದವರು ತಮಾಷೆಯಾಗಿ ಕೇಳಿದರೆ ತಮಾಷೆಯಾಗಿ, ಸಿಟ್ಟಿನಲ್ಲಿ ಕೇಳಿದರೆ ನೇರವಾಗಿ. ಒಬ್ಬರು ಮುರಿದ ಬಕಲ್‌ನ ಫೋಟೊ ಹಾಕಿದ್ದಾರೆ ಅಂದುಕೊಳ್ಳಿ. "ತಮ್ಮ ಅಮೂಲ್ಯ ಪ್ರತಿಕ್ರಿಯೆಗೆ ಧನ್ಯವಾದಗಳು, ದಯವಿಟ್ಟು ಸಂಪರ್ಕಿಸಿ" ಅಂತ ಬರೆದರೆ ಅದರ ಕೆಳಗೆ ನಗುವ ಇಮೋಜಿಗಳ ಸಾಲು ಬೀಳುತ್ತದೆ. ನಾನು ಬರೆಯುವುದು ಹೀಗೆ: "ಇದು ಮುರಿಯಬಾರದಿತ್ತು. ಆರ್ಡರ್ ನಂಬರ್ ಮೆಸೇಜ್ ಮಾಡಿ, ಹೊಸ ಬಕಲ್ ಕಳಿಸುತ್ತೇವೆ. ಹಾಕಲು ಸ್ಕ್ರೂಡ್ರೈವರ್ ಬೇಡ." ಬದಲಿ ತಲುಪಿದ ಮೇಲೆ ಅದೇ ಕಾಮೆಂಟಿನ ಕೆಳಗೆ ಮತ್ತೆ ಬಂದು "ಸಿಕ್ತಾ?" ಅಂತ ಕೇಳುತ್ತೇನೆ. ಅವರು ಹೌದು ಅಂದರೆ ಆ ಇಡೀ ಮಾತುಕತೆ ಎಲ್ಲರಿಗೂ ಕಾಣುವ ಹಾಗೆ ಅಲ್ಲೇ ಉಳಿಯುತ್ತದೆ. ಇದಕ್ಕಿಂತ ಒಳ್ಳೆಯ ಜಾಹೀರಾತು ನನಗೆ ಗೊತ್ತಿಲ್ಲ.

ದೂರಿನ ಕಾಮೆಂಟನ್ನು ಅಳಿಸಬೇಡಿ. ಬೈಗುಳ, ಜಾತಿ ಧರ್ಮದ ನಿಂದನೆ, ಇನ್ನೊಬ್ಬರ ಫೋನ್ ನಂಬರ್ ಇದ್ದರೆ ತೆಗೆಯಿರಿ. ಅದು ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಡಿ. ಇವರು ಸ್ಕ್ರೀನ್‌ಶಾಟ್ ಇಟ್ಟುಕೊಂಡಿರುತ್ತಾರೆ. ಕಾನೂನೂ ಈಗ ಸುಮ್ಮನೆ ಕೂತಿಲ್ಲ. ಕಡಿಮೆ ಸ್ಟಾರ್‌ನ ವಿಮರ್ಶೆಗಳನ್ನು ಸೈಟಿನಲ್ಲಿ ಕಾಣದ ಹಾಗೆ ತಡೆಹಿಡಿದ ಆರೋಪದ ಮೇಲೆ ಬಟ್ಟೆ ಮಾರುವ ಫ್ಯಾಷನ್ ನೋವಾ ಕಂಪನಿ 2022ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ (ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ) ಜೊತೆ 42 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಅದೇ ಕಮಿಷನ್ 2024ರಲ್ಲಿ ಸುಳ್ಳು ವಿಮರ್ಶೆ ಕೊಳ್ಳುವುದನ್ನೂ, ವ್ಯಾಪಾರಕ್ಕಾಗಿ ನಕಲಿ ಫಾಲೊವರ್‌ಗಳನ್ನು ಕೊಳ್ಳುವುದನ್ನೂ ನಿಯಮ ಮಾಡಿ ನಿಷೇಧಿಸಿತು.

ಒಳ್ಳೆಯ ಪ್ರಶ್ನೆ ಬಂದರೆ ಅದಕ್ಕೆ ಅಕ್ಷರದಲ್ಲಿ ಉತ್ತರಿಸಿ ಸುಮ್ಮನಾಗಬೇಡಿ. ಇನ್‌ಸ್ಟಾಗ್ರಾಮ್, ಟಿಕ್‌ಟಾಕ್, ಯೂಟ್ಯೂಬ್ ಶಾರ್ಟ್ಸ್ ಮೂರರಲ್ಲೂ ಕಾಮೆಂಟಿಗೆ ವಿಡಿಯೊದಲ್ಲೇ ಉತ್ತರ ಕೊಡಬಹುದು. ಪ್ರಶ್ನೆ ಪರದೆಯ ಮೇಲೆ ಅಂಟಿಕೊಂಡಿರುತ್ತದೆ. ಕೇಳಿದವರಿಗೆ ತಮ್ಮ ಮಾತು ನಡೆಯಿತು ಅಂತ ಖುಷಿ, ನಿಮಗೆ ಮುಂದಿನ ವಿಡಿಯೊ ಪುಕ್ಕಟೆ. ನಮ್ಮ ವಿಡಿಯೊಗಳಲ್ಲಿ ಈಗ ಹೆಚ್ಚಿನವು ಹೀಗೆ ಹುಟ್ಟಿದವೇ.

ಬೇರೆಯವರ ಬಾಯಲ್ಲಿ ಹೇಳಿಸುವುದು

ಕಿರಿಯರು ಕಂಪನಿಗಿಂತ ಒಬ್ಬ ಮನುಷ್ಯನನ್ನು ಬೇಗ ನಂಬುತ್ತಾರೆ. ಇದು ಹೊಸದೇನಲ್ಲ. ಟೀವಿ ನಿರೂಪಕರ ಜೊತೆ ಪ್ರೇಕ್ಷಕರಿಗೆ ಸ್ನೇಹವೇ ಬೆಳೆದಂತೆ ಅನ್ನಿಸುತ್ತದೆ ಅಂತ ಡೊನಾಲ್ಡ್ ಹಾರ್ಟನ್, ರಿಚರ್ಡ್ ವೋಲ್ ಎಂಬ ಇಬ್ಬರು ಸಂಶೋಧಕರು 1956ರಲ್ಲೇ ಬರೆದಿದ್ದರು. ಆಗ ನಿರೂಪಕರು ತಿರುಗಿ ಮಾತಾಡುತ್ತಿರಲಿಲ್ಲ. ಈಗಿನ ಕ್ರಿಯೇಟರ್, ಅಂದರೆ ತಮ್ಮದೇ ವಿಡಿಯೊ ಮಾಡಿ ಹಾಕುವವರು, ಕಾಮೆಂಟಿಗೆ ಹೃದಯ ಒತ್ತುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ. ನಂಟು ಇನ್ನೂ ಗಟ್ಟಿ. ಹಾಗಾಗಿ ಅದನ್ನು ಬಳಸುವವರ ಜವಾಬ್ದಾರಿಯೂ ದೊಡ್ಡದು.

ಚೆನ್ನಾಗಿ ಬಳಸಿದವರು ಜಿಮ್‌ಶಾರ್ಕ್. 2012ರಲ್ಲಿ ಬ್ರಿಟನ್ನಿನಲ್ಲಿ ಹತ್ತೊಂಬತ್ತರ ಬೆನ್ ಫ್ರಾನ್ಸಿಸ್ ಗೆಳೆಯನ ಜೊತೆ ಶುರು ಮಾಡಿದ ಬಟ್ಟೆ ಕಂಪನಿ. ಯೂಟ್ಯೂಬಿನಲ್ಲಿ ವ್ಯಾಯಾಮದ ವಿಡಿಯೊ ಹಾಕುತ್ತಿದ್ದವರಿಗೆ, ತಾವೂ ನೋಡುತ್ತಿದ್ದವರಿಗೇ, ಬಟ್ಟೆ ಕಳಿಸಿದರು. ಹಾಕಿಕೊಳ್ಳುವವರು ನಿಜವಾಗಿಯೂ ಅದನ್ನು ಹಾಕಿಕೊಂಡೇ ಬೆವರು ಸುರಿಸುತ್ತಿದ್ದರು. ಕೆಟ್ಟದಾಗಿ ಬಳಸಿದ್ದು ಫೈರ್ ಫೆಸ್ಟಿವಲ್ ಎಂಬ ಸಂಗೀತೋತ್ಸವ. 2016ರ ಡಿಸೆಂಬರಿನಲ್ಲಿ ಹೆಸರಾಂತ ಮಾಡೆಲ್‌ಗಳು ಒಂದು ಕಿತ್ತಳೆ ಬಣ್ಣದ ಚೌಕ ಪೋಸ್ಟ್ ಮಾಡಿದರು, ಟಿಕೆಟ್ ಮಾರಾಟವಾದವು. 2017ರ ಏಪ್ರಿಲ್‌ನಲ್ಲಿ ಬಹಾಮಾಸ್ ತಲುಪಿದವರಿಗೆ ಸಿಕ್ಕಿದ್ದು ಟೆಂಟ್ ಮತ್ತು ಗೊಂದಲ. ಸಂಘಟಕ ಬಿಲ್ಲಿ ಮೆಕ್‌ಫಾರ್ಲೆಂಡ್‌ಗೆ ಮರುವರ್ಷ ಆರು ವರ್ಷದ ಜೈಲು ಶಿಕ್ಷೆ ಆಯಿತು.

ಕ್ರಿಯೇಟರ್‌ಗಳನ್ನು ಆರಿಸುವಾಗ ಫಾಲೊವರ್ ಸಂಖ್ಯೆ ಕೊನೆಗೆ ನೋಡಿ. ಮೊದಲು ಅವರ ಇತ್ತೀಚಿನ ಹತ್ತಿಪ್ಪತ್ತು ಪೋಸ್ಟ್‌ಗಳ ಕಾಮೆಂಟ್ ಓದಿ. ಬರೀ ಬೆಂಕಿ, ಹೃದಯ, "ಸೂಪರ್" ಇದ್ದರೆ ಮುಂದೆ ಹೋಗಿ. "ನೀವು ಹೇಳಿದ್ದು ತಗೊಂಡೆ, ಹೆಗಲ ಪಟ್ಟಿ ಸ್ವಲ್ಪ ಚುಚ್ಚುತ್ತೆ" ಅನ್ನುವಂಥ ಮಾತು ಇದ್ದು, ಅದಕ್ಕೆ ಅವರು ಉತ್ತರ ಕೊಟ್ಟಿದ್ದರೆ ನಿಂತು ನೋಡಿ. ಕಳೆದ ತಿಂಗಳು ಪೈಪೋಟಿಯ ಬ್ಯಾಗ್ ಹೊಗಳಿದವರನ್ನು ಈ ತಿಂಗಳು ಕರೆಯಬೇಡಿ. ನೋಡುವವರಿಗೆ ನೆನಪಿರುತ್ತದೆ.

ಅವರಿಗೆ ಕೊಡುವ ಸೂಚನೆ ಒಂದೇ ಪುಟ ಇರಲಿ. ಹೇಳಲೇಬೇಕಾದ್ದು ಎರಡೋ ಮೂರೋ ಸಂಗತಿ, ಹೇಳಬಾರದ್ದು ಒಂದೆರಡು. ನಮ್ಮ ಬ್ಯಾಗ್ ನೀರು ತಡೆಯುತ್ತದೆ ಅಂತ ಯಾರೂ ಹೇಳುವಂತಿಲ್ಲ, ಆ ಒದ್ದೆ ಟಿಶ್ಯೂ ಇದೆಯಲ್ಲ. ಉಳಿದಿದ್ದು ಅವರ ಮಾತು, ಅವರ ಧಾಟಿ. ಸಾಲು ಸಾಲಾಗಿ ಸ್ಕ್ರಿಪ್ಟ್ ಬರೆದುಕೊಟ್ಟರೆ ಅವರ ಪ್ರೇಕ್ಷಕರೇ ಮೊದಲು ಹಿಡಿಯುತ್ತಾರೆ. ಇಷ್ಟವಾಗದ ಅಂಶ ಒಂದನ್ನಾದರೂ ಹೇಳಿ ಅಂತ ನಾನು ಕೇಳಿಕೊಳ್ಳುತ್ತೇನೆ. ಮೊದಮೊದಲು ಅವರಿಗೇ ನಂಬಿಕೆ ಬರುವುದಿಲ್ಲ.

ಹಣ ಪಡೆದ ಪೋಸ್ಟ್ ಅಂತ ಕಾಣುವ ಹಾಗೆ ಹೇಳಿಸಿ. ಇನ್‌ಸ್ಟಾಗ್ರಾಮ್ 2017ರಿಂದಲೇ ಅದಕ್ಕೆ ಲೇಬಲ್ ಕೊಟ್ಟಿದೆ. ನಾನು ಲೇಬಲ್ ಜೊತೆ ಬಾಯಲ್ಲೂ ಹೇಳಲು ಕೇಳುತ್ತೇನೆ. ಹೇಳಿದರೆ ಮಾರಾಟ ಬೀಳುತ್ತದೆ ಅನ್ನುವ ಭಯ ನನಗಿಲ್ಲ. ಆಮೇಲೆ ಗೊತ್ತಾದರೆ ಬೀಳುವುದು ಖಂಡಿತ. ಇನ್ನು ಬಿಟ್ಟಿ ಬ್ಯಾಗ್ ಸಂಬಳವಲ್ಲ. ದುಡ್ಡು ಕೊಡಿ, ಯಾವ ದಿನ ಕೊಡುತ್ತೀರಿ ಅಂತ ಬರೆದುಕೊಡಿ. ಅವರ ವಿಡಿಯೊವನ್ನು ನಿಮ್ಮ ಜಾಹೀರಾತಾಗಿ ಓಡಿಸುವುದಿದ್ದರೆ ಎಷ್ಟು ತಿಂಗಳು, ಎಲ್ಲೆಲ್ಲಿ ಅನ್ನುವುದೂ ಅದೇ ಕಾಗದದಲ್ಲಿ ಇರಲಿ.

ಟ್ರೆಂಡ್

ಹೆಚ್ಚು ಹೇಳುವುದಿಲ್ಲ. ಟ್ರೆಂಡ್ ಹಿಡಿಯಲು ಮೂರು ಮೀಟಿಂಗ್ ಬೇಕಾದರೆ ಅದು ಆಗಲೇ ಮುಗಿದಿರುತ್ತದೆ. ಭಾಷೆ ಕಲಿಸುವ ಆ್ಯಪ್ ಡ್ಯುವೊಲಿಂಗೊದ ಹಸಿರು ಗೂಬೆ 2021ರಿಂದ ಟಿಕ್‌ಟಾಕ್‌ನಲ್ಲಿ ಕುಣಿದು ಗೆದ್ದಿದೆ, ನಿಜ. ಆದರೆ ಅಲ್ಲಿ ಕ್ಯಾಮೆರಾ ಹಿಡಿದವರಿಗೆ ಆ ಹಾಸ್ಯ ಬರುತ್ತಿತ್ತು, ಬೇಗ ಪೋಸ್ಟ್ ಮಾಡುವ ಸ್ವಾತಂತ್ರ್ಯವೂ ಇತ್ತು. ಗೂಬೆಯ ವೇಷ ತರಿಸಿದರೆ ಅವೆರಡೂ ಬರುವುದಿಲ್ಲ. ಜನರ ಹೋರಾಟ, ಸಾವು ನೋವು ಇದ್ದಲ್ಲಿ ಸರಕು ಹಿಡಿದು ಹೋಗಲೇಬೇಡಿ. ಪ್ರತಿಭಟನೆಯ ಚಿತ್ರವನ್ನು ಬಳಸಿಕೊಂಡ ಜಾಹೀರಾತನ್ನು ಪೆಪ್ಸಿ 2017ರ ಏಪ್ರಿಲ್‌ನಲ್ಲಿ ಹೊರಬಂದ ಬೆನ್ನಿಗೇ ಹಿಂತೆಗೆದುಕೊಳ್ಳಬೇಕಾಯಿತು.

ಲೆಕ್ಕ

ಮೊದಲಿನಷ್ಟು ಸಲೀಸಾಗಿ ಲೆಕ್ಕ ಸಿಗುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಐಫೋನಿನ ಸಾಫ್ಟ್‌ವೇರ್ ಐಒಎಸ್ 14.5 ಬಂದಾಗಿನಿಂದ, ಒಂದು ಆ್ಯಪ್ ನಿಮ್ಮನ್ನು ಬೇರೆಡೆ ಹಿಂಬಾಲಿಸಬೇಕಾದರೆ ಐಫೋನ್‌ನಲ್ಲಿ ಒಪ್ಪಿಗೆ ಕೇಳಬೇಕು. ಹೆಚ್ಚಿನವರು ಬೇಡ ಅಂದರು. ಇದರಿಂದ 2022ರಲ್ಲಿ ಸುಮಾರು 1,000 ಕೋಟಿ ಡಾಲರ್ ಆದಾಯ ತಪ್ಪಬಹುದು ಅಂತ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳ ಒಡೆತನದ ಮೆಟಾ ಕಂಪನಿಯೇ ಹೇಳಿಕೊಂಡಿತು. ಅದಕ್ಕೂ ಮಿಗಿಲಾಗಿ, ಕಿರಿಯರು ವಿಡಿಯೊ ಹಂಚಿಕೊಳ್ಳುವುದು ಖಾಸಗಿ ಮೆಸೇಜಿನಲ್ಲಿ. ಅಲ್ಲಿ ಏನು ನಡೆಯಿತು ಅಂತ ಯಾವ ಡ್ಯಾಶ್‌ಬೋರ್ಡ್ ಕೂಡ ತೋರಿಸುವುದಿಲ್ಲ.

ನಾನು ನೋಡುವುದು ನಾಲ್ಕು. ಸೇವ್, ಶೇರ್, ಉತ್ತರ ಬೇಡುವ ಕಾಮೆಂಟ್‌ಗಳ ಸಂಖ್ಯೆ, ಮತ್ತೆ ಹಣ ಪಾವತಿಯ ಪುಟದಲ್ಲಿ ಇಟ್ಟಿರುವ ಒಂದು ಸಣ್ಣ ಪ್ರಶ್ನೆ: "ನಮ್ಮ ಬಗ್ಗೆ ಹೇಗೆ ಗೊತ್ತಾಯ್ತು?" ಆಯ್ಕೆ ಪಟ್ಟಿ ಕೊಡಬೇಡಿ, ಖಾಲಿ ಜಾಗ ಬಿಡಿ. "ರೂಮ್‌ಮೇಟ್ ಆ ಟಿಶ್ಯೂ ವಿಡಿಯೊ ಕಳಿಸಿದ್ಲು" ಅನ್ನುವಂಥ ಉತ್ತರ ಪಟ್ಟಿಯಲ್ಲಿ ಸಿಗುವುದಿಲ್ಲ. ಕ್ರಿಯೇಟರ್‌ಗಳಿಗೆ ಬೇರೆ ಬೇರೆ ಕೂಪನ್ ಕೋಡ್ ಕೊಟ್ಟರೆ ಯಾರಿಂದ ಎಷ್ಟು ಬಂತು ಅಂತ ಅಂದಾಜು ಸಿಗುತ್ತದೆ. ಪೂರ್ತಿ ನಂಬಬೇಡಿ, ಕೋಡ್‌ಗಳು ಕೂಪನ್ ಸೈಟುಗಳಿಗೆ ಸೋರಿಹೋಗುತ್ತವೆ. ವ್ಯೂ ಸಂಖ್ಯೆಯನ್ನು ಮೀಟಿಂಗಿಗೆ ಬಿಟ್ಟುಬಿಡಿ.

ಹದಿನೆಂಟರ ಕೆಳಗಿನವರು

ಬ್ಯಾಗ್ ಅಂದಮೇಲೆ ಶಾಲೆಯವರೂ ನೋಡುತ್ತಾರೆ. ಆದರೆ ಹದಿನೆಂಟರ ಕೆಳಗಿನವರನ್ನು ಗುರಿಯಿಟ್ಟು ನಾವು ಜಾಹೀರಾತು ಓಡಿಸುವುದಿಲ್ಲ. ನೀವೂ ಓಡಿಸಬೇಡಿ. ಒಳ್ಳೆಯತನ ಒಂದು ಕಡೆ ಇರಲಿ, ದಾರಿಗಳೇ ಮುಚ್ಚುತ್ತಿವೆ. ಹದಿಹರೆಯದವರನ್ನು ಅವರ ಆಸಕ್ತಿಯ ಮೇಲೆ ಗುರಿಯಿಡುವುದನ್ನು ಮೆಟಾ 2021ರಲ್ಲಿ ನಿಲ್ಲಿಸಿತು, 2023ರಲ್ಲಿ ಲಿಂಗದ ಮೇಲೆ ಗುರಿಯಿಡುವುದನ್ನೂ ತೆಗೆಯಿತು. ಅಪ್ರಾಪ್ತರ ಮಾಹಿತಿ ಕಲೆಹಾಕಿ ಅದರ ಮೇಲೆ ಅವರಿಗೆ ಜಾಹೀರಾತು ತೋರಿಸುವುದನ್ನು ಯುರೋಪಿನ ಡಿಜಿಟಲ್ ಸರ್ವಿಸಸ್ ಆ್ಯಕ್ಟ್ ತಡೆಯುತ್ತದೆ. ಮಕ್ಕಳ ಮಾಹಿತಿಯ ವಿಷಯದಲ್ಲೇ ಗೂಗಲ್ ಮತ್ತು ಯೂಟ್ಯೂಬ್ 2019ರಲ್ಲಿ ಅಮೆರಿಕದಲ್ಲಿ 17 ಕೋಟಿ ಡಾಲರ್ ಕಟ್ಟಲು ಒಪ್ಪಿದವು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ ಹದಿನಾರರ ಕೆಳಗಿನವರು ದೊಡ್ಡ ಸೋಷಿಯಲ್ ಮೀಡಿಯಾಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ.

ಹದಿನೆಂಟು ದಾಟಿದವರ ಜೊತೆಯೂ ಕೆಲವು ಆಟ ಬೇಡ. "ಇನ್ನು ಎರಡೇ ಉಳಿದಿವೆ" ಅಂತ ಸುಳ್ಳು ಹೇಳುವುದು. ಪುಟ ಮತ್ತೆ ತೆರೆದರೆ ಮೊದಲಿನಿಂದ ಶುರುವಾಗುವ ಕೌಂಟ್‌ಡೌನ್. ಮೈಮಾಟ ತಿದ್ದಿದ ಫೋಟೊ. ನಾರ್ವೆಯಲ್ಲಂತೂ ಹಾಗೆ ತಿದ್ದಿದ ಜಾಹೀರಾತಿಗೆ ಗುರುತು ಹಾಕಲೇಬೇಕು ಅಂತ 2022ರಿಂದ ಕಾನೂನೇ ಇದೆ. ಕೌಂಟ್‌ಡೌನ್ ಸುಳ್ಳು ಅಂತ ಯಾರಾದರೂ ಸ್ಕ್ರೀನ್ ರೆಕಾರ್ಡ್ ಮಾಡಿ ಹಾಕಿದರೆ, ಅದರ ಕೆಳಗೆ ನೀವು ಕೊಡಬಹುದಾದ ಉತ್ತರವೇ ಇರುವುದಿಲ್ಲ.

ಎಲ್ಲವನ್ನೂ ಒಂದೇ ಆ್ಯಪಿನಲ್ಲಿ ಇಡಬೇಡಿ

ಆರು ಸೆಕೆಂಡಿನ ವಿಡಿಯೊಗಳ ವೈನ್ ಆ್ಯಪ್ 2013ರಲ್ಲಿ ಬಂದು 2017ರ ಜನವರಿಗೆ ಮುಚ್ಚಿಹೋಯಿತು. 2020ರ ಜೂನ್ 29ರಂದು ಭಾರತ ಟಿಕ್‌ಟಾಕ್ ನಿಷೇಧಿಸಿದಾಗ ಕೋಟಿಗಟ್ಟಲೆ ಬಳಕೆದಾರರ ಖಾತೆಗಳು ರಾತ್ರೋರಾತ್ರಿ ಕೈಗೆ ಸಿಗದಾದವು. ಫಾಲೊವರ್‌ಗಳು ನಿಮ್ಮವರಲ್ಲ, ಆ್ಯಪಿನವರು.

ಆದ್ದರಿಂದ ಈ ಮೂರನ್ನು ಈ ವಾರವೇ ಶುರು ಮಾಡಿ. ಎಲ್ಲ ವಿಡಿಯೊಗಳ ಮೂಲ ಪ್ರತಿಯನ್ನು, ಆ್ಯಪಿನ ಗುರುತು ಇಲ್ಲದೆ, ನಿಮ್ಮದೇ ಡ್ರೈವಿನಲ್ಲಿ ಇಡಿ. ಕೊಂಡವರ ಇಮೇಲ್‌ಗಳನ್ನು, ಅವರು ಒಪ್ಪಿದರೆ ಮಾತ್ರ, ನಿಮ್ಮ ಪಟ್ಟಿಗೆ ಸೇರಿಸಿ, ಹೇಳಲು ಏನಾದರೂ ಇದ್ದಾಗ ಮಾತ್ರ ಬರೆಯಿರಿ. ಮತ್ತೆ ಕಾಮೆಂಟಿನಲ್ಲಿ ಬರುವ ಪ್ರಶ್ನೆಗಳನ್ನು ಪ್ರತಿ ಶುಕ್ರವಾರ ಒಂದು ಸ್ಪ್ರೆಡ್‌ಶೀಟಿಗೆ ಇಳಿಸಿ: ಪ್ರಶ್ನೆ, ತಾರೀಕು, ಯಾವ ವಿಡಿಯೊದ ಕೆಳಗೆ, ಉತ್ತರ ಕೊಟ್ಟಾಯಿತೇ. ಬ್ಯಾಗ್ ವಿನ್ಯಾಸ ಮಾಡುವವರಿಗೂ ಆ ಶೀಟ್ ತೆರೆಯಲು ಅನುಮತಿ ಕೊಡಿ. ನಮ್ಮ ಮುಂದಿನ ಬ್ಯಾಗಿನ ಝಿಪ್ ಕೊನೆಗೆ ಒಂದು ಮಡಿಕೆ ಸೇರಿಸಿದ್ದಾರೆ. ಟಿಶ್ಯೂ ಪರೀಕ್ಷೆ ಮತ್ತೆ ಮಾಡಬೇಕು. ಮಾಡಿ ಅಂತ ಕಾಮೆಂಟಿನಲ್ಲಿ ಆಗಲೇ ಕೇಳುತ್ತಿದ್ದಾರೆ.